ಒಂಬತ್ತು ಬೆಳ್ಳಕ್ಕಿ ಕಂಪನಿಯ ಒಡತಿ

ಬೆಳಿಗ್ಗೆ ಏಳೂವರೆಗೆ ಗರಗಸ ಶುರುವಾಗುತ್ತದೆ. ಕೆಳಗಿನ ಒಣಮಾಂಸದ ಅಂಗಡಿಯಲ್ಲಿ ಮುದುಕ ಕೇಯ್, ಉಪ್ಪಿನಲ್ಲಿ ವರ್ಷಗಟ್ಟಲೆ ಒಣಗಿದ ಹಂದಿಯ ತೊಡೆಯನ್ನು ಯಂತ್ರದ ಹಲ್ಲಿಗೆ ಒಡ್ಡುತ್ತಾನೆ. ಮಾಂಸದಲ್ಲಿ ಹೋಗುವಾಗ ಗರಗಸ ಗುನುಗುತ್ತದೆ, ಮೂಳೆ ಸಿಕ್ಕಿದ ಕೂಡಲೇ ಕಿರುಚುತ್ತದೆ, ಮೂಳೆ ದಾಟಿದ ಮೇಲೆ ಏನೂ ಆಗಲಿಲ್ಲವೆಂಬಂತೆ ಮತ್ತೆ ಗುನುಗುತ್ತದೆ. ಮೂರನೆಯ ಮಹಡಿಯಲ್ಲಿ ಮಲಗಿರುವ ಮೋಕ್ ಯುಕ್-ಲಾನ್‌ಗೆ ಗಡಿಯಾರ ಬೇಕಾಗಿಲ್ಲ. ಮೊದಲ ಕಿರುಚಲಿಗೆ ಕಣ್ಣು ಬಿಡುತ್ತಾಳೆ, ಎರಡನೆಯದಕ್ಕೆ ಮಂಚದಿಂದ ಕಾಲಿಳಿಸುತ್ತಾಳೆ. ಕಾಲಿಳಿಸಿದಲ್ಲೇ ಒಲೆ. ಒಲೆಯ ಪಕ್ಕ ಕಮೋಡು. ಕಮೋಡಿನ ಮುಚ್ಚಳದ ಮೇಲೆ ಅಕ್ಕಿಯ ಡಬ್ಬಿ.

ಒಂದು ಕಾಲದಲ್ಲಿ ಅದು ಒಂದೇ ಸಂಸಾರದ ಮನೆಯಾಗಿತ್ತು. ಮಾಲೀಕ ಅದನ್ನು ಹಲಗೆಯಿಂದ ಆರು ತುಂಡು ಮಾಡಿ ಆರು ಜನರಿಗೆ ಬಾಡಿಗೆಗೆ ಕೊಟ್ಟಿದ್ದ. ಲಾನ್‌ಳ ತುಂಡು ಹತ್ತಡಿ ಉದ್ದ, ಎಂಟಡಿ ಅಗಲ. ಒಂದು ಕಿಟಕಿಯಿದೆ, ಅದರ ಎದುರಿಗೇ ಪಕ್ಕದ ಕಟ್ಟಡದ ಏಸಿ ಯಂತ್ರಗಳು ಬೆನ್ನು ತಿರುಗಿಸಿ ಕೂತಿವೆ. ಒಳಗಿನವರಿಗೆ ತಂಪು, ಹೊರಗೆ ಅವು ಉಗುಳುವ ಬಿಸಿಗಾಳಿ ಲಾನ್‌ಗೆ. ಜುಲೈ ತಿಂಗಳಲ್ಲಿ ಗೋಡೆಯ ಮೇಲೆ ಅಂಟಿಸಿದ ಕ್ಯಾಲೆಂಡರು ತಾನಾಗಿಯೇ ಬಿಟ್ಟುಕೊಂಡು ಕೆಳಗೆ ಬೀಳುತ್ತದೆ. ಅವಳಿಗೆ ಅರವತ್ತಮೂರು ವರ್ಷ.

ಮೆಟ್ಟಿಲಿಳಿದು ಬಂದರೆ ಹಾಂಗ್‌ಕಾಂಗಿನ ಆ ಹಳೆಯ ಬೀದಿಯುದ್ದಕ್ಕೂ ಒಣಸಿಂಪಿಯ ವಾಸನೆ. ಕೇಯ್ ಗರಗಸ ನಿಲ್ಲಿಸಿ ದಿನಾ ಅದೇ ಪ್ರಶ್ನೆ ಕೇಳುತ್ತಾನೆ.

"ಏನು ಲಾನ್, ನಿನ್ನೆ ಎಷ್ಟು ಹೆರಿಗೆ?"

"ಏಳು."

"ತಾಯಿ ಮಗು ಸೌಖ್ಯವಾ?"

"ಮಗುಗೆ ಹೆಸರಿದೆ, ಮೊಹರಿದೆ, ವಿಳಾಸ ಇದೆ. ತಾಯಿ ಯಾರು ಅಂತ ಕೇಳಬಾರದು ಮಾರಾಯ, ಅದೇ ಅಲ್ವಾ ಆ ಕಚೇರಿಯ ವ್ಯಾಪಾರ?"

ಅವಳು ಕೆಲಸ ಮಾಡುವುದು ಕಂಪನಿಗಳನ್ನು ಹುಟ್ಟಿಸುವ ಕಚೇರಿಯಲ್ಲಿ. ಟ್ರಾಮಿನ ಹಳಿ ಹಿಡಿದು ಶೆಂಗ್ ವಾನ್ ಕಡೆ ಹದಿನೈದು ನಿಮಿಷ ನಡೆದರೆ, ಹಾವಿನ ಸೂಪು ಮಾರುವ ಅಂಗಡಿಯ ಮೇಲೆ, ನಾಲ್ಕನೇ ಮಹಡಿ. ಯಜಮಾನ ಸೀತೋ ವಾಯ್-ಪಾಂಗ್, ಲೆಕ್ಕ ಹಾಕಲು ಬರುವ ಕ್ವೀನಿ ಯೂನ್ ಎಂಬ ಹುಡುಗಿ, ಚಹಾ ಮಾಡಿ ಕಸ ಗುಡಿಸಿ ಅಂಚೆ ವಿಂಗಡಿಸುವ ಲಾನ್. ಮೂರೇ ಜನ. ಕಂಪನಿಗಳು ಮಾತ್ರ ಸಾವಿರದ ನೂರ ನಲವತ್ತು. ಕಂಪನಿಯ ಹೆಸರು ಅದರ ವಿಳಾಸದಲ್ಲಿ ಕಾಣುವಂತಿರಬೇಕು ಎಂಬ ಕಾನೂನಿದೆಯಲ್ಲ, ಅದಕ್ಕೆ ಬಾಗಿಲಿನಿಂದ ಪಾಯಖಾನೆಯವರೆಗೆ ಗೋಡೆಯ ತುಂಬ ಬೆರಳಗಲದ ಫಲಕಗಳು. ಅಂಟಿಸುವವಳು ಲಾನ್. ಅಮೆರಿಕದ ಕಾರಿನ ಗಾಳಿಚೀಲ, ಆಫ್ರಿಕದ ತಾಮ್ರ, ಯಾವುದೋ ರಾಜಕುಮಾರನ ವಿಮಾನ, ಎಲ್ಲವೂ ಪಾಯಖಾನೆಯ ಬಾಗಿಲ ಪಕ್ಕ ಒಂದರ ಮೇಲೊಂದು ನಿಂತಿದ್ದವು. ಆ ಘನವಾದ ಕಂಪನಿಗಳ ಮೇಲೆ ಅವಳು ತಿಂಗಳಿಗೊಮ್ಮೆ ಒದ್ದೆ ಬಟ್ಟೆ ಎಳೆಯುತ್ತಿದ್ದಳು.

ಪ್ರತಿ ಕಂಪನಿಗೂ ಒಂದು ಹಸಿರು ಡಬ್ಬಿ. ಅದರೊಳಗೆ ದುಂಡು ಮೊಹರು, ಉದ್ದ ಮೊಹರು, ಷೇರುಗಳ ಪುಸ್ತಕ, ನಿಯಮಗಳ ಪುಸ್ತಕ. ಹುಟ್ಟಿದ ದಿನ ಡಬ್ಬಿ ಕಪಾಟಿಗೆ ಏರುತ್ತದೆ, ಸಾಯುವ ದಿನ ಇಳಿಯುತ್ತದೆ. ಮಧ್ಯೆ ಅದನ್ನು ಮುಟ್ಟುವುದು ಧೂಳು ಹೊಡೆಯುವ ಲಾನ್‌ಳ ಕೈ ಮಾತ್ರ.

ಅವಳಿಗೆ ಈ ಊರಿನ ವ್ಯಾಪಾರ ಹೊಸದೇನಲ್ಲ. ಹದಿನಾಲ್ಕನೆಯ ವಯಸ್ಸಿಗೆ ಪ್ಲಾಸ್ಟಿಕ್ ಹೂವಿನ ಕಾರ್ಖಾನೆ. ಗುಲಾಬಿಗೆ ಎಲೆ ಚುಚ್ಚುವುದು. ಆಮೇಲೆ ಟೋಪನ್‌ಗೆ ಕೂದಲು ಹೆಣೆಯುವುದು, ಆಮೇಲೆ ಜೀನ್ಸು ಹೊಲಿಯುವುದು. ಮಾಲೀಕರು ಒಬ್ಬೊಬ್ಬರಾಗಿ ಗಡಿಯಾಚೆ ಹೋದರು. ಹೋಗುವಾಗ ಎಲ್ಲರೂ ಒಂದೇ ಮಾತು ಹೇಳಿದರು: ಈ ಊರಿನಂಥ ಊರು ಲೋಕದಲ್ಲಿಲ್ಲ. ಅಷ್ಟು ಚೆನ್ನಾಗಿರುವ ಊರನ್ನು ಬಿಟ್ಟು ಯಾಕೆ ಹೋಗುತ್ತಿದ್ದೀರಿ ಎಂದು ಯಾವ ಹುಡುಗಿಯೂ ಕೇಳಲಿಲ್ಲ. ಗಂಡ ಬಂದರಿನಿಂದ ಕಂಟೇನರ್ ಲಾರಿ ಓಡಿಸುತ್ತಿದ್ದ. ಸುಂಕವಿಲ್ಲದ ಸರಕು ತಡೆಯಿಲ್ಲದೆ ಓಡಬೇಕು, ಅದಕ್ಕೆ ಅವನೂ ತಡೆಯಿಲ್ಲದೆ ಓಡಿದ. ಐವತ್ತೊಂದಕ್ಕೆ ಎದೆ ನಿಂತಿತು. ಮಕ್ಕಳಿರಲಿಲ್ಲ. ಸರ್ಕಾರಿ ಮನೆಗೆ ಅರ್ಜಿ ಹಾಕಿ ಐದು ವರ್ಷ ಎರಡು ತಿಂಗಳಾಗಿತ್ತು.

ಒಂದು ಶನಿವಾರ ವಸತಿ ಇಲಾಖೆಯಿಂದ ಕಾಗದ ಬಂತು. ಲೋಕದ ಸಾವಿರದ ನೂರ ನಲವತ್ತು ಕಂಪನಿಗಳ ಅಂಚೆ ಒಡೆದ ಕೈ, ತನ್ನದೊಂದು ಲಕೋಟೆಯ ಅಂಚನ್ನು ಕತ್ತರಿಯಿಂದ ನಿಧಾನವಾಗಿ ಬಿಡಿಸಿತು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಸಂದರ್ಶನ. ಜೊತೆಗಿರುವ ಫಾರಮು ತುಂಬಿ ತನ್ನಿ. ಬಾರದಿದ್ದರೆ ಅರ್ಜಿ ರದ್ದು. ಒಬ್ಬರಿಗೆ ಒಂದು ಮನೆ. ಒಲೆಗೂ ಕಮೋಡಿಗೂ ನಡುವೆ ಗೋಡೆ ಇರುವ ಮನೆ. ಅವಳು ಮಂಚದ ಮೇಲೆ ಕೂತು ಫಾರಮಿನ ಒಂದೊಂದೇ ಸಾಲಿಗೆ ಬೆರಳಿಟ್ಟುಕೊಂಡು ಓದಿದಳು. ನಾಲ್ಕನೆಯ ಪುಟದಲ್ಲಿ ಬೆರಳು ನಿಂತಿತು.

ಅರ್ಜಿದಾರರು ಯಾವುದೇ ಕಂಪನಿಯ ನಿರ್ದೇಶಕರೇ? ಷೇರುದಾರರೇ? ಹೌದಾದರೆ ಕಂಪನಿಯ ಆಸ್ತಿಯ ವಿವರ ಬರೆಯಿರಿ. ಸುಳ್ಳು ಹೇಳಿಕೆ ಶಿಕ್ಷಾರ್ಹ.

ಅವಳಿಗೆ ಒಂದು ಕೆಂಪು ಲಕೋಟೆ ನೆನಪಾಯಿತು.

ನಾಲ್ಕು ವರ್ಷದ ಹಿಂದೆ, ಹೊಸವರ್ಷದ ರಜೆ ಮುಗಿದು ಕಚೇರಿಯ ಬಾಗಿಲು ತೆಗೆದ ಮೊದಲ ದಿನ. ಆ ದಿನ ಯಜಮಾನರು ಕೆಂಪು ಲಕೋಟೆಯಲ್ಲಿ ಹಣವಿಟ್ಟು ಕೊಡುತ್ತಾರೆ, ಕೆಲಸದವರು ಎರಡೂ ಕೈಯಲ್ಲಿ ತೆಗೆದುಕೊಂಡು ಒಳ್ಳೆಯ ಮಾತು ಹೇಳುತ್ತಾರೆ. ಆ ದಿನ ಯಾರ ಬಾಯಲ್ಲೂ "ಬೇಡ" ಎಂಬ ಮಾತು ಬರಕೂಡದು, ಬಂದರೆ ವರ್ಷವಿಡೀ ಅದೇ ಆಗುತ್ತದೆಂದು ಭಯ. ಸೀತೋ ಎಂದಿಗಿಂತ ದಪ್ಪನೆಯ ಲಕೋಟೆ ಕೊಟ್ಟು, ಅದರ ಬೆನ್ನಿಗೇ ನಾಲ್ಕೈದು ಕಾಗದ ಮುಂದಿಟ್ಟಿದ್ದ. "ಲಾನ್ ಅಕ್ಕ, ಇಲ್ಲೊಂದು ಸಹಿ, ಇಲ್ಲೊಂದು, ಇಲ್ಲಿ. ಶುಭ ದಿನ, ಶುಭ ಕೈ." ಬೇಡ ಅನ್ನಬಾರದ ದಿನ ಅವಳು ಬೇಡ ಅನ್ನಲಿಲ್ಲ. ಬುದ್ಧಿವಂತ ಸೀತೋ ಆ ದಿನವನ್ನೇ ಆರಿಸಿಕೊಂಡಿದ್ದು ಯಾಕೆಂದು ಅವಳಿಗೆ ಈಗ ಹೊಳೆಯಿತು. ಅವಳು ಎದ್ದು ಮುಖ ತೊಳೆದುಕೊಂಡಳು. ತೊಳೆದ ಮುಖಕ್ಕೆ ಕಿಟಕಿಯಿಂದ ಬಿಸಿಗಾಳಿ ಹೊಡೆಯಿತು.

ಸೋಮವಾರ ಸೀತೋ ಬರುವ ಮೊದಲೇ ಅವಳು ಕ್ವೀನಿಯ ಮೇಜಿನ ಬಳಿ ನಿಂತಳು. "ನನ್ನ ಹೆಸರಲ್ಲಿ ಏನಾದ್ರೂ ಇದೆಯಾ ನೋಡಮ್ಮ."

ಕ್ವೀನಿ ಗಣಕದಲ್ಲಿ ಹುಡುಕಿದಳು. ಹುಡುಕುವ ಶುಲ್ಕ ಇಪ್ಪತ್ತು ಡಾಲರು, ಹಿಡಿದದ್ದು ಎರಡು ನಿಮಿಷ. ಹುಡುಗಿಯ ಹುಬ್ಬು ಮೇಲೇರಿತು.

"ಲಾನ್ ಅಕ್ಕಾ! ನೀವು ದೊಡ್ಡ ಜನ ಕಣ್ರೀ. ನಿಂತ್ಕೊಂಡೇ ಮಾತಾಡ್ಬೇಕಿತ್ತು ನಾನು."

"ಏನದು?"

"ಒಂಬತ್ತು ಬೆಳ್ಳಕ್ಕಿ ಕಂಪನಿ. ಒಬ್ಬರೇ ನಿರ್ದೇಶಕರು, ನೀವು. ಒಬ್ಬರೇ ಷೇರುದಾರರು, ಅದೂ ನೀವು." ಅವಳು ಕಪಾಟಿನಿಂದ ಹಸಿರು ಡಬ್ಬಿ ಇಳಿಸಿ ಕಾಗದ ತಿರುವಿದಳು. "ಆಸ್ತಿ... ನಾಲ್ಕು ಸಾವಿರ ಬಾಟಲಿ ಫ್ರಾನ್ಸಿನ ವೈನು! ಗುಡ್ಡದ ಒಳಗೆ, ಹಿಂದೆ ಮದ್ದುಗುಂಡು ಇಡ್ತಿದ್ರಲ್ಲ, ಅಂಥ ನೆಲಮಾಳಿಗೇಲಿ ಇಟ್ಟಿದಾರೆ. ಹದಿಮೂರು ಡಿಗ್ರಿ. ಕರೆಂಟು ಹೋದ್ರೆ ಇನ್ನೊಂದು ಯಂತ್ರ, ಅದೂ ಹೋದ್ರೆ ಮತ್ತೊಂದು. ಮದುವೆಗೆ ನಾಲ್ಕು ಬಾಟಲಿ ಕೊಡ್ತೀರಾ ಅಕ್ಕ ನಂಗೆ?"

ಲಾನ್ ನಗಲಿಲ್ಲ. ನಿಜವಾದ ಮಾಲೀಕ ಸಿಡ್ನಿಯ ಒಬ್ಬ ಹಲ್ಲಿನ ಡಾಕ್ಟರಂತೆ. ಈ ಊರು ವೈನಿನ ಮೇಲಿನ ಸುಂಕವನ್ನು ತೆಗೆದುಹಾಕಿದ ಮೇಲೆ ಲೋಕದ ಹಣವಂತರ ಬಾಟಲಿಗಳೆಲ್ಲ ಇಲ್ಲಿಗೆ ಬಂದು ಮಲಗಿದ್ದವು. ಕುಡಿಯುವುದಕ್ಕಲ್ಲ, ಬೆಲೆ ಏರುವುದಕ್ಕೆ. ಡಾಕ್ಟರಿಗೆ ತನ್ನ ಹೆಸರು ಎಲ್ಲೂ ಕಾಣಬಾರದಾಗಿತ್ತು, ಸೀತೋಗೆ ಒಂದು ಹೆಸರು ಬೇಕಾಗಿತ್ತು. ಕಸಪೊರಕೆ ಹಿಡಿದವಳ ಹೆಸರಾದರೆ ಯಾರೂ ತಿರುಗಿ ನೋಡುವುದಿಲ್ಲವಲ್ಲ!

"ಹದಿಮೂರು ಡಿಗ್ರಿ," ಎಂದಳು ಲಾನ್.

"ಹೂಂ ಅಕ್ಕ. ಅಲುಗಾಡಿಸಬಾರದಂತೆ ಕೂಡ. ನಿದ್ದೆ ಕೆಡತ್ತಂತೆ."

ಸೀತೋ ಹತ್ತೂವರೆಗೆ ಬಂದ. ನಲವತ್ತೆಂಟರ ಆಳು, ಕೂದಲಿಗೆ ಎಣ್ಣೆಯ ಹೊಳಪು, ಗಡಿಯಾರಕ್ಕೆ ಕೂದಲಿಗಿಂತ ಹೆಚ್ಚು. ಲಾನ್ ಚಹಾ ಇಟ್ಟು ನಿಂತಳು.

"ಯಜಮಾನ್ರೇ, ಆ ಬೆಳ್ಳಕ್ಕಿ ಕಂಪನಿಯಿಂದ ನನ್ನ ಹೆಸರು ತೆಗೀಬೇಕು. ಗುರುವಾರ ಮನೆ ಸಂದರ್ಶನ ಇದೆ."

ಅವನು ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ಅಯ್ಯೋ, ಅದು ಬರೀ ಕಾಗದ ಕಣಕ್ಕ. ಫಾರಮಲ್ಲಿ ‘ಇಲ್ಲ’ ಅಂತ ಬರಿ. ಯಾರು ನೋಡ್ತಾರೆ?"

"ಕ್ವೀನಿ ನೋಡಿದ್ಲು. ಎರಡು ನಿಮಿಷದಲ್ಲಿ."

"ಅವಳಿಗೆ ಬೇರೆ ಕೆಲಸ ಇಲ್ಲ."

"ಮನೆ ಕೊಡೋರಿಗೆ ಅದೇ ಕೆಲಸ ಯಜಮಾನ್ರೇ. ಸುಳ್ಳು ಬರೆದ್ರೆ ಜೈಲು. ನಿಜ ಬರೆದ್ರೆ, ನಾಲ್ಕು ಸಾವಿರ ಬಾಟಲಿ ಇರೋಳಿಗೆ ಸರ್ಕಾರಿ ಮನೆ ಯಾಕೆ ಅಂತಾರೆ."

"ಡಾಕ್ಟರು ಹಡಗಲ್ಲಿ ಪ್ರವಾಸ ಹೋಗಿದಾರೆ. ಮುಂದಿನ ತಿಂಗಳು ಬರಲಿ, ನೋಡೋಣ."

"ಅಲ್ಲೀವರೆಗೆ ನಿಮ್ಮ ಹೆಸರಿಗೆ ಹಾಕ್ಕೊಳ್ಳಿ."

ಆಗ ಅವನು ಕಣ್ಣೆತ್ತಿದ. "ನನ್ನ ಹೆಸರಿಗಾ? ನನ್ನ ಹೆಸರಲ್ಲಿ ಆಗಲೇ ಇನ್ನೂರು ಇದೆ. ಇನ್ನೊಂದು ಹಾಕಿದ್ರೆ ಬ್ಯಾಂಕಿನೋರು ಕೂರಿಸ್ಕೊಂಡು ಪ್ರಶ್ನೆ ಕೇಳ್ತಾರೆ."

"ಬರೀ ಕಾಗದ ಅಂದ್ರಲ್ಲ."

ಸೀತೋ ಚಹಾ ಗುಟುಕರಿಸಿದ. "ಇದು ತಣ್ಣಗಾಗಿದೆ. ಬೇರೆ ತಾ."

ಅವಳು ಬೇರೆ ತಂದಳು. ಹೀಗೆ ಸೋಮವಾರ ಕಳೆಯಿತು.

ಮಂಗಳವಾರ ಮಧ್ಯಾಹ್ನ ಅವಳೂ ಕ್ವೀನಿಯೂ ಚಹಾ ಕೋಣೆಯಲ್ಲಿ ಕೂತು ಊಟದ ಡಬ್ಬಿ ಬಿಚ್ಚಿದರು. ಕ್ವೀನಿಗೆ ಬಾತುಕೋಳಿ ಅನ್ನ, ಲಾನ್‌ಗೆ ಮನೆಯಿಂದ ತಂದ ಉಪ್ಪುಮೀನು, ಹಬೆಯಲ್ಲಿ ಬೆಂದ ಸೊಪ್ಪು. ಹುಡುಗಿ ಅನ್ನ ಕೆದಕಿದಳು. ಆಮೇಲೆ ಬಾಗಿಲ ಕಡೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದಳು.

"ಅಕ್ಕ, ಒಂದು ವಿಷಯ. ಆ ಡಬ್ಬಿಯ ತಳದಲ್ಲಿ ಒಂದು ಕಂದು ಲಕೋಟೆ ಇದೆ. ಎಲ್ಲ ಡಬ್ಬಿಯಲ್ಲೂ ಇರತ್ತೆ. ಬಾಡಿಗೆ ಹೆಸರಿನೋರು ಒಳಗೆ ಬರೋ ದಿನವೇ ಹೊರಗೆ ಹೋಗೋ ಕಾಗದಕ್ಕೂ ಸಹಿ ಹಾಕಿರ್ತಾರೆ. ರಾಜೀನಾಮೆ ಒಂದು, ಷೇರು ಬೇರೆಯವರಿಗೆ ಕೊಟ್ಟೆ ಅಂತ ಇನ್ನೊಂದು. ತಾರೀಖು ಖಾಲಿ. ಯಾರಿಗೆ ಅನ್ನೋದೂ ಖಾಲಿ."

"ಯಾಕೆ?"

"ನೀವು ಹಾರಿಬಿಟ್ರೆ? ವೈನು ನಂದೇ ಅಂದ್ಬಿಟ್ರೆ? ಆಗ ಅವರು ತಾರೀಖು ತುಂಬಿ ನಿಮ್ಮನ್ನ ಆಚೆ ಹಾಕ್ತಾರೆ. ನಿಮ್ಮನ್ನ ನಂಬಿಲ್ಲ ಅಂತ ಅದರರ್ಥ."

ಲಾನ್ ಮೀನಿನ ಮುಳ್ಳನ್ನು ನಿಧಾನವಾಗಿ ಬಾಯಿಂದ ತೆಗೆದು ಡಬ್ಬಿಯ ಅಂಚಿಗಿಟ್ಟಳು. ಹನ್ನೊಂದು ವರ್ಷ ಕಚೇರಿಯ ಬೀಗದಕೈ ಅವಳ ಸೊಂಟದಲ್ಲಿತ್ತು. ಅವಳ ಕೈಯಲ್ಲಿ ಕೀಲಿ ಕೊಟ್ಟವರು ಅವಳ ಕೈಯ ಸಹಿಯನ್ನು ನಂಬಿರಲಿಲ್ಲ.

"ತಾರೀಖು ಯಾರು ತುಂಬಬೇಕು ಅಂತ ಬರೆದಿದೆಯಾ?"

ಕ್ವೀನಿ ಅಗಿಯುವುದು ನಿಲ್ಲಿಸಿದಳು. "ಇಲ್ಲ," ಎಂದಳು. "ಅದನ್ನ ಯಾರೂ ಯೋಚಿಸಿಲ್ಲ ಅಂತ ಕಾಣತ್ತೆ."

"ನಾನೇ ತುಂಬಿದ್ರೆ?"

"ರಾಜೀನಾಮೆ ಆಗತ್ತೆ. ಆದ್ರೆ ಕಂಪನಿಗೆ ಒಬ್ಬ ನಿರ್ದೇಶಕ ಇರ್ಲೇಬೇಕು. ಷೇರು ತಗೊಳ್ಳೋರೂ ಒಬ್ಬರು ಸಹಿ ಹಾಕ್ಬೇಕು. ಸರ್ ಹಾಕಲ್ಲ ಅಕ್ಕ. ಸತ್ರೂ ಹಾಕಲ್ಲ."

ಲಾನ್ ಡಬ್ಬಿ ತೊಳೆಯಲು ಎದ್ದಳು. "ನಾಳೆ ಮಧ್ಯಾಹ್ನ ಇಪೋ ಊರಿನೋರು ಬರ್ತಾರಲ್ಲ," ಎಂದಳು, ನಲ್ಲಿಯ ಸದ್ದಿನ ಮಧ್ಯೆ. "ಐದು ಬೆರಳಿನ ಭಾಷಣ ಇರತ್ತಾ?"

"ಇರ್ದೇ ಇರತ್ತಾ? ಮೂರು ಕಂಪನಿ ಮಾಡಿಸ್ತಾರೆ ಅವರು."

ಐದು ಬೆರಳಿನ ಭಾಷಣ ಲಾನ್‌ಗೆ ಬಾಯಿಪಾಠ. ಬುಧವಾರ ಮೂರು ಗಂಟೆಗೆ, ಸಮುದ್ರದಾಚೆಯ ಇಪೋದಿಂದ ಬಂದ ನಲ್ಲಿ ಮತ್ತು ಬೇಸಿನ್ನಿನ ವ್ಯಾಪಾರಿ ಲ್ಯೂ, ಅವನ ಹೆಂಡತಿ, ತಮ್ಮ, ಮೂವರೂ ಒಳಕೋಣೆಯಲ್ಲಿ ಕೂತಾಗ, ಅವಳು ಚಹಾ ಕೋಣೆಯಲ್ಲಿ ಲೋಟ ಜೋಡಿಸುತ್ತ ಕೇಳಿಸಿಕೊಂಡಳು. ಸೀತೋ ಹೆಬ್ಬೆರಳಿನಿಂದ ಶುರುಮಾಡುತ್ತಾನೆ. ಬಂದರಿಗೆ ಸುಂಕವಿಲ್ಲ; ಹಡಗು ಬರಲಿ, ಹೋಗಲಿ, ಕೇಳುವವರಿಲ್ಲ. ಮಾರಾಟದ ಮೇಲೆ ತೆರಿಗೆಯಿಲ್ಲ. ಲಾಭದ ಮೇಲಿದೆ, ಆದರೆ ಇಲ್ಲಿ ಗಳಿಸಿದ್ದಕ್ಕೆ ಮಾತ್ರ. ಈ ಬೆರಳಿಗೆ ಬಂದಾಗ ಅವನ ದನಿ ಸ್ವಲ್ಪ ಮಂದ್ರಕ್ಕಿಳಿಯುತ್ತದೆ, ದೇವರ ಮುಂದೆ ನಿಂತವನ ಹಾಗೆ. ಗೋಡೆಯ ಮೇಲಿನ ಸಾವಿರದ ನೂರ ನಲವತ್ತು ಹೆಸರುಗಳೂ ಇಲ್ಲಿ ಏನನ್ನೂ ಗಳಿಸದೆ ಇಲ್ಲೇ ಇರುವ ಹೆಸರುಗಳು. ಹಣ ತರಲು, ಒಯ್ಯಲು ತಡೆಯಿಲ್ಲ ಎಂಬುದು ನಾಲ್ಕನೆಯ ಬೆರಳು. ಅಪ್ಪ ಸತ್ತರೆ ಮಗನಿಗೆ ಬರುವ ಆಸ್ತಿಗೂ ತೆರಿಗೆಯಿಲ್ಲ ಎಂದು ಕಿರುಬೆರಳು ಮಡಿಸುವಾಗ ಸೀತೋ ನಿಜವಾಗಿಯೂ ಭಾವುಕನಾಗುತ್ತಿದ್ದ. ಅವನಿಗೆ ಅಪ್ಪ ಬಿಟ್ಟುಹೋದದ್ದು ಮೀನಿನ ಅಂಗಡಿಯ ಒಂದು ತಕ್ಕಡಿ.

ಒಮ್ಮೆ ಲಾನ್ ಈ ಭಾಷಣವನ್ನು ಕೇಯ್‌ಗೆ ಹೇಳಿ ತೋರಿಸಿದ್ದಳು, ಬೆರಳು ಮಡಿಸುವುದನ್ನೂ ಸೇರಿಸಿ. ಕೇಯ್ ಗರಗಸಕ್ಕೆ ಒರಗಿ ನಕ್ಕಿದ್ದ. "ಈ ಊರಲ್ಲಿ ತೆರಿಗೆ ಇಲ್ಲ ಅಂತ ಯಾರು ಹೇಳಿದ್ದು? ನೆಲ ಮಾರಿ ಬೊಕ್ಕಸ ತುಂಬ್ಕೊಳ್ತಾರೆ. ನೆಲ ಕೊಂಡೋನು ಕಟ್ಟಡದ ಮಾಲೀಕನ್ನ ಹಿಂಡ್ತಾನೆ, ಅವನು ನಿನ್ನನ್ನ ಆರು ತುಂಡು ಮಾಡ್ತಾನೆ. ನೀನು ತಿಂಗಳಾ ತಿಂಗಳಾ ಕಟ್ತಿದೀಯಲ್ಲ, ಅದಕ್ಕೆ ಬಾಡಿಗೆ ಅಂತ ಹೆಸರು. ಅಷ್ಟೇ ವ್ಯತ್ಯಾಸ." ಲಾನ್‌ಗೆ ಅದು ಹೊಸ ಮಾತೇನಾಗಿರಲಿಲ್ಲ. ಒಣಮಾಂಸ ಕೊಯ್ಯುವವನಿಗೂ ತಿಳಿದ ವಿಷಯ ಸೂಟು ತೊಟ್ಟು ಬಂದವರಿಗೆ ಮಾತ್ರ ಯಾಕೆ ತಿಳಿಯುವುದಿಲ್ಲ ಎಂಬುದೇ ಅವಳಿಗೆ ಸೋಜಿಗ.

ಒಳಗೆ ಶ್ರೀಮತಿ ಲ್ಯೂ ಕೇಳುತ್ತಿದ್ದಳು. ಇಪೋದವರ ಮಾತು ಇಲ್ಲಿಯದೇ, ಸ್ವಲ್ಪ ಎಳೆದು ಆಡುತ್ತಾರೆ ಅಷ್ಟೆ. "ಕಂಪನಿ ನಮ್ಮ ಹೆಸರಲ್ಲಿ ಬೇಡ ಅಂದ್ರೆ?"

"ಬೇಡವೇ ಬೇಡ! ಹೆಸರು ನಾವು ಕೊಡ್ತೀವಿ. ಮರ್ಯಾದಸ್ಥರು, ನಂಬಿಕಸ್ಥರು."

"ಆಮೇಲೆ ಬದಲಾಯಿಸ್ಬೇಕು ಅಂದ್ರೆ? ನಮ್ಮೂರಲ್ಲಿ ಒಂದು ಹೆಸರು ತೆಗಿಯೋಕೆ ಆರು ತಿಂಗಳು ಅಲೀಬೇಕು."

ಸೀತೋ ನಕ್ಕ ಸದ್ದು. "ಅಕ್ಕಾವ್ರೇ, ಇದು ಹಾಂಗ್‌ಕಾಂಗು. ಹತ್ತು ನಿಮಿಷ. ನಿಜವಾದ ಮಾಲೀಕರು ಬದಲಾಗದೆ ಬರೀ ಹೆಸರು ಬದಲಾದ್ರೆ ಸ್ಟಾಂಪಿಗೆ ಐದು ಡಾಲರು. ನೀವು ಚಹಾ ಮುಗಿಸೋದ್ರೊಳಗೆ ಒಬ್ಬರು ಹೋಗಿ ಇನ್ನೊಬ್ಬರು ಬಂದಿರ್ತಾರೆ."

ಲಾನ್ ನಾಲ್ಕು ಲೋಟಗಳಿಗೆ ಹಾಲಿನ ಚಹಾ ಬಗ್ಗಿಸಿದಳು. ತಟ್ಟೆ ಎಡಗೈಯಲ್ಲಿ. ಬಲತೋಳಿನ ಸಂದಿಯಲ್ಲಿ ಹಸಿರು ಡಬ್ಬಿ. ಬಾಗಿಲನ್ನು ಹೆಗಲಿನಿಂದ ತಳ್ಳಿ ಒಳಹೋದಳು. ಲೋಟಗಳನ್ನು ಎಲ್ಲರ ಮುಂದಿಟ್ಟಳು. ಡಬ್ಬಿಯನ್ನು ಸೀತೋನ ಮುಂದಿಟ್ಟಳು.

"ಯಜಮಾನ್ರೇ, ಇವರಿಗೆ ಒಂದ್ಸಲ ಮಾಡಿ ತೋರಿಸ್ಬಿಡಿ."

ಸೀತೋನ ನಗು ಮುಖದ ಮೇಲೇ ಉಳಿಯಿತು, ಕಣ್ಣಿನಿಂದ ಮಾತ್ರ ಹೋಯಿತು. "ಲಾನ್ ಅಕ್ಕ, ನೀವು ಹೊರಗೆ..."

"ಇದೇನಿದು?" ಎಂದಳು ಶ್ರೀಮತಿ ಲ್ಯೂ.

"ಒಂದು ಕಂಪನಿ ಅಮ್ಮ. ನಾನೇ ನಿರ್ದೇಶಕಿ. ಯಜಮಾನರು ಹೇಳಿದ್ರಲ್ಲ, ಮರ್ಯಾದಸ್ಥರು, ನಂಬಿಕಸ್ಥರು ಅಂತ, ಅದು ನಾನೇ." ಲಾನ್ ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಇವತ್ತು ನಾನು ಹೋಗ್ತಿದೀನಿ, ಅವರು ಬರ್ತಿದಾರೆ. ನಿಮ್ಮ ಕಣ್ಣೆದುರಿಗೇ ಆಗಲಿ ಅಂತ ತಂದೆ. ನನ್ನ ಸಹಿ ಮುಂಚೇನೇ ಇದೆ. ತಾರೀಖು ಈಗಷ್ಟೇ ತುಂಬಿದೆ."

ಲ್ಯೂನ ತಮ್ಮ ಕೈಗಡಿಯಾರ ಮೇಜಿನ ಮೇಲೆ ಬಿಚ್ಚಿಟ್ಟ. "ಹತ್ತು ನಿಮಿಷ ಅಂದ್ರಲ್ಲ ಸೀತೋ ಸಾಹೇಬ್ರು. ನೋಡೇ ಬಿಡೋಣ!"

ಲ್ಯೂ ಕೂಡ ಮುಂದಕ್ಕೆ ಬಾಗಿದ. ಸೀತೋ ಒಬ್ಬೊಬ್ಬರ ಮುಖ ನೋಡಿದ. ಮೂರು ಕಂಪನಿ, ಪ್ರತಿ ವರ್ಷದ ಶುಲ್ಕ, ಮುಂದೆ ಇಪೋದ ಅವರ ನೆಂಟರಿಷ್ಟರೆಲ್ಲ. ಅವನ ಕಿವಿಯ ತುದಿ ಕೆಂಪಾಗಿತ್ತು. ಈಗ ಸಹಿ ಹಾಕು, ಜನ ಹೋದ ಮೇಲೆ ಹರಿದುಹಾಕು ಎಂದು ಅವನು ಒಳಗೇ ಲೆಕ್ಕ ಹಾಕಿದ್ದು ಲಾನ್‌ಗೆ ಗಾಜಿನಾಚೆಯ ಮೀನಿನಷ್ಟು ಚೆನ್ನಾಗಿ ಕಾಣಿಸಿತು. ಹೆಮ್ಮೆಯ ಮನುಷ್ಯ ಸಿಕ್ಕಿಬೀಳುವ ಜಾಗ ಯಾವಾಗಲೂ ಅವನ ಬಾಯಿಯೇ.

"ಕ್ವೀನಿ," ಎಂದು ಕೂಗಿದ. "ಬಾ, ಸಾಕ್ಷಿ ಹಾಕು."

ಕ್ವೀನಿ ಬಂದಳು. ಸೀತೋ ಪೆನ್ನಿನ ಮುಚ್ಚಳ ತೆಗೆದು, ನಾಟಕದ ರಾಜನ ಹಾಗೆ ತೋಳು ಹಿಂದಕ್ಕೆ ಸರಿಸಿ, ಷೇರು ತೆಗೆದುಕೊಳ್ಳುವವನ ಜಾಗದಲ್ಲಿ ಒಂದು, ಹೊಸ ನಿರ್ದೇಶಕನ ಜಾಗದಲ್ಲಿ ಒಂದು ಸಹಿ ಹಾಕಿದ. ಕ್ವೀನಿ ಸಾಕ್ಷಿ ಹಾಕಿದಳು. ಲಾನ್ ಡಬ್ಬಿಯಿಂದ ದುಂಡು ಮೊಹರು ತೆಗೆದು, ನೀಲಿ ಶಾಯಿಗೆ ಒತ್ತಿ, ಕಾಗದದ ಮೇಲೆ ಧಪ್ ಎಂದು ಇಳಿಸಿದಳು. ನಾಲ್ಕು ವರ್ಷದಲ್ಲಿ ತನ್ನ ಕಂಪನಿಯ ಮೊಹರನ್ನು ಅವಳು ಹಿಡಿದದ್ದು ಅದೇ ಮೊದಲು, ಅದೇ ಕೊನೆ. ಒಂಬತ್ತು ಹಕ್ಕಿಗಳ ಹೆಸರು ದುಂಡಗೆ, ಒದ್ದೆಯಾಗಿ ಕೂತಿತು.

ಕ್ವೀನಿ ಕಾಗದಗಳನ್ನು ಹಿಡಿದು ತನ್ನ ಮೇಜಿಗೆ ಹೋದಳು. ಸೀತೋ ಭಾಷಣಕ್ಕೆ ಇನ್ನೊಂದು ಕೈಯ ಬೆರಳುಗಳನ್ನೂ ಸೇರಿಸಿ ಮಡಿಸುತ್ತಿದ್ದ. ನ್ಯಾಯ, ನೀತಿ, ಕಾಯಿದೆ. ಸ್ವಲ್ಪ ಹೊತ್ತಿಗೆ ಕ್ವೀನಿ ಬಾಗಿಲಲ್ಲಿ ನಿಂತಳು.

"ಆಯ್ತು ಸರ್. ರಾಜೀನಾಮೆ, ಹೊಸ ನಿರ್ದೇಶಕರು, ಎರಡೂ ಸಲ್ಲಿಸಿಬಿಟ್ಟೆ. ರಸೀದಿ ಬಂತು."

"ಏನು ಸಲ್ಲಿಸ್ದೆ?"

"ರಿಜಿಸ್ಟ್ರಿಗೆ, ಸರ್. ಆನ್‌ಲೈನು."

ಲ್ಯೂನ ತಮ್ಮ ಗಡಿಯಾರ ಎತ್ತಿ ನೋಡಿದ. "ಎಂಟೂವರೆ ನಿಮಿಷ! ಅಬ್ಬಾ, ಊರು ಅಂದ್ರೆ ಇದು." ಲ್ಯೂ ಚಪ್ಪಾಳೆ ತಟ್ಟಿದ. ಶ್ರೀಮತಿ ಲ್ಯೂ ಮಾತ್ರ ತಟ್ಟಲಿಲ್ಲ. ಅವಳು ಸೀತೋನ ಮುಖವನ್ನೂ, ಏಪ್ರನ್ನು ಬಿಚ್ಚುತ್ತಿದ್ದ ಲಾನ್‌ಳ ಕೈಗಳನ್ನೂ ನೋಡುತ್ತಿದ್ದಳು. "ನಮ್ಮ ಕಂಪನಿಗೆ ಯಾರ ಹೆಸರು ಹಾಕ್ತೀರಿ, ಸೀತೋ?" ಎಂದು ನಿಧಾನವಾಗಿ ಕೇಳಿದಳು.

ಲಾನ್ ಏಪ್ರನ್ನನ್ನು ಮಡಚಿ ಚಹಾ ಕೋಣೆಯ ಮೊಳೆಗೆ ಹಾಕಿದಳು. ಬೀಗದಕೈ ಕ್ವೀನಿಯ ಮೇಜಿನ ಮೇಲಿಟ್ಟಳು. ಕ್ವೀನಿ ಷೇರಿನ ಕಾಗದವನ್ನು ಲಕೋಟೆಯಲ್ಲಿ ಹಾಕಿ ಮೇಜಿನಡಿಯಿಂದ ಅವಳ ಕೈಗಿಟ್ಟಳು. ಐದು ಗಂಟೆಯೊಳಗೆ ಅದಕ್ಕೆ ಸ್ಟಾಂಪು ಬೀಳಬೇಕು. ಬಿದ್ದರೆ ನಾಳೆ ಹತ್ತಕ್ಕೆ, ನಾಲ್ಕನೆಯ ಪುಟದಲ್ಲಿ, ಅವಳು ಸುಳ್ಳಿಲ್ಲದೆ "ಇಲ್ಲ" ಎಂದು ಬರೆಯಬಹುದು. ನಾಲ್ಕು ಗಂಟೆಯಾಗಿತ್ತು.

ಮೂರನೆಯ ಮಹಡಿಯ ತಿರುವಿನಲ್ಲಿ ಮೇಲಿನಿಂದ ಷೂಗಳ ಸದ್ದು ಕೇಳಿಸಿತು. ಸೀತೋ ಮೆಟ್ಟಿಲಿನ ಕಂಬಿ ಹಿಡಿದು ಕೆಳಗೆ ಬಾಗಿದ್ದ. ಜನರೆದುರಿನ ಬಹುವಚನ ಮೇಲೆಯೇ ಉಳಿದುಬಿಟ್ಟಿತ್ತು.

"ಏಯ್ ಲಾನ್! ನಿಲ್ಲು. ಆ ಕಾಗದ ಕೊಡು ಇಲ್ಲಿ."

"ಸ್ಟಾಂಪಿನ ಕಚೇರಿ ಐದಕ್ಕೆ ಮುಚ್ಚತ್ತೆ ಯಜಮಾನ್ರೇ. ಐದು ಡಾಲರು ನಾನೇ ಕೊಡ್ತೀನಿ, ಪರವಾಗಿಲ್ಲ."

"ಬ್ಯಾಂಕಿನೋರು ಕೇಳಿದ್ರೆ ನಾನೇನು ಹೇಳ್ಲಿ? ಡಾಕ್ಟರಿಗೆ ಏನು ಹೇಳ್ಲಿ?"

"ಬರೀ ಕಾಗದ ಅಂತ ಹೇಳಿ."

"ಹನ್ನೊಂದು ವರ್ಷ ಅನ್ನ ಹಾಕಿದೀನಿ ನಿನಗೆ!"

"ಹನ್ನೊಂದು ವರ್ಷ ಚಹಾ ಹಾಕಿದೀನಿ ನಾನು. ಬಿಸಿಯಾಗೇ ಇತ್ತು, ಸೋಮವಾರದ್ದೂ ಸೇರಿ."

"ನಾಳೆಯಿಂದ ಈ ಮೆಟ್ಟಿಲು ಹತ್ತಬೇಡ!"

ಲಾನ್ ತಲೆಯೆತ್ತಿ ನೋಡಿದಳು. ಎಣ್ಣೆ ಹಚ್ಚಿದ ತಲೆ, ಕೆಂಪು ಕಿವಿ, ಅದರ ಹಿಂದೆ ಫಲಕಗಳ ಗೋಡೆಯ ಒಂದು ಮೂಲೆ. ಸಾವಿರದ ನೂರ ನಲವತ್ತರಲ್ಲಿ ಈಗ ಒಂದೂ ಅವಳದಲ್ಲ. ಅವಳಿಗೆ ಕೋಪ ಬರಲಿಲ್ಲ. ಹೊತ್ತಾಗುತ್ತಿದೆ ಎಂದಷ್ಟೇ ಅನಿಸಿತು. ಕೆಳಗಿನಿಂದ ಟ್ರಾಮಿನ ಗಂಟೆ ಎರಡು ಸಲ ಬಡಿಯಿತು. ಅವಳು ಲಕೋಟೆಯನ್ನು ಅಂಗಿಯೊಳಗೆ ಇಟ್ಟುಕೊಂಡಳು.

"ಹತ್ತಲ್ಲ ಬಿಡಿ. ಆದ್ರೆ ನಿಮ್ಮ ವೈನು ಸ್ವಲ್ಪ ನೋಡ್ಕೊಳ್ಳಿ ಯಜಮಾನ್ರೇ," ಎಂದಳು ಇಳಿಯುತ್ತಲೇ, ತಿರುಗಿ ನೋಡದೆ. "ಬಿಸಿ ತಾಗಬಾರದಂತೆ, ಅಲುಗಾಡಬಾರದಂತೆ, ನಿದ್ದೆ ಕೆಡಬಾರದಂತೆ. ಒಂದು ವೇಳೆ ಆ ಗುಡ್ಡದಲ್ಲಿ ಜಾಗ ಸಾಲದೆ ಹೋದ್ರೆ ಹೇಳಿ, ನಾನು ಖಾಲಿ ಮಾಡೋ ರೂಮು ಎಂಟಡಿ ಹತ್ತಡಿ ಇದೆ, ಬೆಳಿಗ್ಗೆ ಏಳೂವರೆಗೆ ಒಂದು ಗರಗಸ ಬಿಟ್ರೆ ಬೇರೆ ಏನೂ ಸದ್ದಿಲ್ಲ, ಬಾಡಿಗೆ ಮಾತ್ರ ತಿಂಗಳಾ ತಿಂಗಳಾ ನಿಮ್ಮ ಹೆಸರಲ್ಲೇ ಕಟ್ಬೇಕು."